ಜೋಳದ ಕೋಣೆಯಲ್ಲಿ ಗಿಟಾರ್

ದೆವ್ವ, ಮಾಟ, ಕಣ್ಣು ತಾಗುವುದು ಎಂದು ಯಾರಾದರೂ ಶುರುಮಾಡಿದರೆ ನಾನು ಅವರೆದುರಿಗೇ ನಗುತ್ತಿದ್ದೆ. ಈಗಲೂ ಅವನ್ನೆಲ್ಲ ನಂಬುತ್ತೇನೆಂದು ಹೇಳಲಾರೆ. ಆದರೆ ಕಟಕೋಳದ ನಮ್ಮ ಮನೆಯಲ್ಲಿ ಹಾಡುಹಗಲೇ ನಡೆದ ಒಂದು ಸಂಗತಿಯ ನಂತರ ನಗುವುದನ್ನು ಬಿಟ್ಟಿದ್ದೇನೆ. ನೀವು ನಂಬದಿದ್ದರೂ ನನಗೆ ಬೇಸರವಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಹುಬ್ಬಳ್ಳಿಯ ಒಂದು ಆರ್ಕೆಸ್ಟ್ರಾಕ್ಕೆ ಗಿಟಾರ್ ನುಡಿಸುವವನು ಬೇಕಾಗಿದ್ದ. ನುಡಿಸಿದ್ದನ್ನು ಸಿ.ಡಿ. ಮಾಡಿ ಕಳಿಸು, ಧ್ವನಿ ಸ್ವಚ್ಛವಾಗಿರಲಿ ಎಂದಿದ್ದರು. ನನಗೆ ಅದು ಬರೀ ಕೆಲಸವಲ್ಲ, ಅಣ್ಣನ ಕೈಯಿಂದ ಪಾರಾಗುವ ದಾರಿಯಾಗಿತ್ತು. ಅಪ್ಪ ತೀರಿದ ಮೇಲೆ ಮನೆ, ಅಂಗಡಿ, ಹತ್ತಿ ವ್ಯಾಪಾರ ಎಲ್ಲಕ್ಕೂ ಅವನೇ ಯಜಮಾನ. ಗಿಟಾರ್ ಕಂಡರೆ ಅವನಿಗೆ ಮೈಯೆಲ್ಲ ಉರಿ. ಬೈಯುತ್ತಿರಲಿಲ್ಲ. ನಾನು ನುಡಿಸುವಾಗ ಸದ್ದಿಲ್ಲದೆ ಬಂದು ತಂತಿಗಳ ಮೇಲೆ ಬಲಗೈ ಒತ್ತಿ ನಿಲ್ಲುತ್ತಿದ್ದ. ಸುಳ್ಳೇಕೆ, ನಾನೂ ಅವನನ್ನು ಮನಸಾರೆ ದ್ವೇಷಿಸುತ್ತಿದ್ದೆ. ಸಿ.ಡಿ.ಯ ವಿಷಯ ತಿಳಿದಾಗ ಒಂದೇ ಮಾತು ಹೇಳಿದ: "ಈ ಸಲಾ ಆಗಲಿಲ್ಲಂದ್ರ ಆ ಗಿಟಾರನ್ನ ಒಲಿಗೆ ಹಾಕ್ತೇನಿ. ಆಮ್ಯಾಲ ನೀ ಸುಮ್ನ ಅಂಗಡ್ಯಾಗ ಕುಂದರಬೇಕು."

ನನ್ನ ಹಳೆಯ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿದರೆ ಗಿಟಾರಿಗಿಂತ ಅದರ ಫ್ಯಾನಿನ ಸದ್ದೇ ಜೋರು. ಬರಿಗೋಡೆಗಳ ಪ್ರತಿಧ್ವನಿ ಬೇರೆ. ಕೊನೆಗೆ ಹೊಳೆದದ್ದು ಜೋಳದ ಕೋಣೆ. ಸುಗ್ಗಿ ಮುಗಿದು ಅಲ್ಲಿ ಸೂರಿನವರೆಗೆ ಚೀಲ ಒಟ್ಟಿದ್ದರು. ಚಪ್ಪಾಳೆ ತಟ್ಟಿದರೆ ಸದ್ದು ಅಲ್ಲೇ ಅಡಗುತ್ತಿತ್ತು. ಕಂಪ್ಯೂಟರನ್ನು ಪಡಸಾಲೆಯಲ್ಲೇ ಬಿಟ್ಟು, ಮೈಕಿನ ಉದ್ದ ವೈರನ್ನು ಬಾಗಿಲಡಿ ಎಳೆದುಕೊಂಡು, ಮಧ್ಯಾಹ್ನದ ಕರೆಂಟಿಗಾಗಿ ಕಾದೆ. ಅಣ್ಣ ಬೈಲಹೊಂಗಲದ ಪೇಟೆಗೆ ಹೋಗಿದ್ದ.

ತಂತಿ ಮೀಟಿದೆ. ಠಪ್ ಎಂದಿತು, ಅಷ್ಟೇ. ಸ್ವರ ಏಳಲೇ ಇಲ್ಲ. ರೆಕಾರ್ಡ್ ಆದದ್ದನ್ನು ಕೇಳಿದೆ. ನನ್ನ ಉಸಿರು, ಕುರ್ಚಿಯ ಕಿರಕಿರ, ಹೊರಗಿನ ಗುಬ್ಬಿ ಎಲ್ಲ ಸ್ಪಷ್ಟವಾಗಿದ್ದವು. ಗಿಟಾರ್ ಮಾತ್ರ ಹಲಗೆ ಬಡಿದ ಹಾಗೆ. ಚೀಲಗಳ ಕಾಟವಿರಬೇಕೆಂದು ಪಡಸಾಲೆಗೆ ಬಂದು ನುಡಿಸಿದೆ, ತಂತಿಗಳನ್ನೂ ಬದಲಿಸಿದೆ. ಅಲ್ಲೂ ಹಾಗೇ. ಯಾರೋ ಅಂಗೈ ಒತ್ತಿ ಹಿಡಿದಾಗ ಬರುವ ಸದ್ದು ಅದು. ನನಗೆ ಅದರ ಪರಿಚಯ ಚೆನ್ನಾಗಿಯೇ ಇತ್ತು.

ಸಂಜೆ ಅಣ್ಣ ಬಂದವನೇ ಹೆಂಡತಿಯ ಮುಂದೆ ಬಲಗೈ ಚಾಚಿ ಎಣ್ಣೆ ಕೇಳಿದ. ಅಂಗೈ ತುಂಬ ಸಾಲಾಗಿ ಕೆಂಪು ಗೆರೆಗಳು. ಹತ್ತಿಯ ಅಂಡಿಗೆ, ಆ ದೊಡ್ಡ ಮೂಟೆ, ಕಟ್ಟುವಾಗ ಹಗ್ಗ ಎಳೆದೆ ಎಂದ. ವೈನಿ ಅವನ ಕೈಯನ್ನು ಬೆಳಕಿಗೆ ಹಿಡಿದು ನೋಡಿದರು.

"ಹಗ್ಗ ಇಷ್ಟ ತೆಳ್ಳಗ ಇರ್ತೈತೇನ್ರಿ?" ಎಂದರು. ಅವನು ನನ್ನ ಕಡೆ ನೋಡಿದ.

ಮರುದಿನ ಸಿ.ಡಿ. ಕಳಿಸಲೇಬೇಕಿತ್ತು. ಕರೆಂಟು ಬಂದಾಗ ಅಣ್ಣ ಅಡುಗೆಮನೆಯಲ್ಲಿ ಊಟಕ್ಕೆ ಕೂತಿದ್ದ. ಆದದ್ದಾಗಲಿ ಎಂದು ಕೋಣೆಗೆ ಹೋಗಿ ಮೀಟಿದೆ. ಎಂದೂ ಇಲ್ಲದಷ್ಟು ಚೆಂದವಾಗಿ ನುಡಿಯಿತು. ಖುಷಿಗೆ ಕಣ್ಣು ತುಂಬಿ ಬಂತು. ನುಡಿಸುತ್ತ ಅರ್ಧಕ್ಕೆ ಬಂದಿದ್ದೆ, ಮತ್ತೆ ಠಪ್ ಎಂದಿತು. ಸಿಟ್ಟಿನಿಂದ ಬೆರಳು ಕಿತ್ತುಬರುವಂತೆ ಮೀಟಿದೆ. ಏನೂ ಆಗಲಿಲ್ಲ.

ಹೊರಗೆ ಬಂದಾಗ ಅಣ್ಣ ಬಚ್ಚಲ ಹತ್ತಿರ ನಿಂತು ಕೈ ಒರೆಸಿಕೊಳ್ಳುತ್ತಿದ್ದ. "ಮುಗೀತೇನು ನಿಂದು?" ಎಂದ. ನಾನು ಕಂಪ್ಯೂಟರಿನ ಮುಂದೆ ಕೂತು ರೆಕಾರ್ಡ್ ಆದದ್ದನ್ನು ಕೇಳಿದೆ. ಮೊದಲರ್ಧ ಕನ್ನಡಿಯಷ್ಟು ಸ್ವಚ್ಛ. ಸ್ವರ ಸಾಯುವ ಮೊದಲು, ದೂರದಲ್ಲಿ, ತಂಬಿಗೆಯಿಂದ ಕೈ ಮೇಲೆ ನೀರು ಸುರಿದ ಸದ್ದು. ಅವನ ಬಲಗೈ ರೊಟ್ಟಿಯಲ್ಲಿದ್ದಷ್ಟು ಹೊತ್ತು ಮಾತ್ರ ನನ್ನ ಗಿಟಾರ್ ನುಡಿದಿತ್ತು.

ಅಷ್ಟನ್ನೇ ಕತ್ತರಿಸಿ ಕಳಿಸಿದೆ. ಅವರು ಕರೆದರು. ಹುಬ್ಬಳ್ಳಿಯಲ್ಲಿ ಗಿಟಾರ್ ಒಮ್ಮೆಯೂ ಕೈಕೊಡಲಿಲ್ಲ. ತಿಳಿದವರನ್ನು ಕೇಳಿದ್ದೇನೆ, ತೇವ ಎಂದರು, ಮರ ಬಾಗಿತ್ತು ಎಂದರು, ನಿನ್ನ ಭಯ ಎಂದರು. ಯಾವುದೂ ನನಗೆ ಒಪ್ಪಿಗೆಯಾಗಿಲ್ಲ. ನನ್ನ ಬಳಿಯೂ ಬೇರೆ ವಿವರಣೆಯಿಲ್ಲ.

ಊರಿಗೆ ಈಗಲೂ ಹೋಗುತ್ತೇನೆ, ಅಣ್ಣನ ಪಕ್ಕದಲ್ಲೇ ಊಟಕ್ಕೆ ಕೂರುತ್ತೇನೆ. ಗಿಟಾರ್ ಮಾತ್ರ ಒಯ್ಯುವುದಿಲ್ಲ. ಯಾಕೆ ತರಲಿಲ್ಲವೆಂದು ಮನೆಯವರೆಲ್ಲ ಕೇಳುತ್ತಾರೆ. ಅಣ್ಣ ಒಮ್ಮೆಯೂ ಕೇಳಿಲ್ಲ.