ಸೆರಗಿಗೆ ಬಿದ್ದ ನೀಲಿ ಬಟ್ಟೆ

ಈಗೀಗ ನಾನು ಹೊರಗೆ ಹೊರಟರೆ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಳ್ಳುತ್ತೇನೆ. ನೋಡಿದವರು ಮುದುಕಿ ಜಗಳಕ್ಕೆ ಹೊರಟಳು ಅಂದುಕೊಳ್ಳುತ್ತಾರೆ, ಅಂದುಕೊಳ್ಳಲಿ. ಅದು ಜಗಳವಲ್ಲ, ಹೆದರಿಕೆ. ವಿಯೆಟ್ನಾಮಿನಿಂದ ನಾನು ಹೊತ್ತು ತಂದದ್ದು ಅದೊಂದೇ, ಮತ್ತೆ ಒಂದು ಬಟ್ಟೆ.

ಮಗಳು ಜಯ ಟೂರಿನವರ ಜೊತೆ ನನ್ನನ್ನೂ ಎಳೆದುಕೊಂಡು ಹೋಗಿದ್ದಳು. ಚನ್ನಪಟ್ಟಣದ ಆಚೆ ನಾನು ಕಂಡದ್ದು ಕಬ್ಬಾಳಮ್ಮನ ಗುಡಿ, ರಾಮನಗರದ ರೇಷ್ಮೆಗೂಡಿನ ಮಾರ್ಕೆಟ್ಟು, ಅಷ್ಟೇ. ವಿಯೆಟ್ನಾಮಿನಲ್ಲಿ ಬೆಟ್ಟದ ಜನರ ಹಳ್ಳಿ ತೋರಿಸುತ್ತೇವೆ ಅಂತ ಬಸ್ಸಿಂದ ಇಳಿಸಿದ ಕೂಡಲೇ ಬೆನ್ನಿಗೆ ಬುಟ್ಟಿ ಕಟ್ಟಿದ ಹೆಂಗಸರು ಮುತ್ತಿಕೊಂಡರು. "ಏನೂ ಮುಟ್ಬೇಡ ಕಣವ್ವ, ಮುಟ್ಟುದ್ರೆ ಬುಡಲ್ಲ" ಅಂದು ಜಯ ಫೋಟೋ ಹಿಡಿಯಲು ಮುಂದೆ ಹೋದಳು.

ನನ್ನ ವಯಸ್ಸಿನವಳೊಬ್ಬಳು, ಕೈಯೆಲ್ಲ ನೀಲಿ ಬಣ್ಣ ಹಿಡಿದವಳು, ನನ್ನ ರಟ್ಟೆ ಹಿಡಿದಳು. ಕೆಸರಿನ ಇಳಿಜಾರು. ಬಿಟ್ಟರೆ ಜಾರಿ ಗದ್ದೆಗೆ ಬೀಳುತ್ತೇನೆ ಅಂತ ಭಯ, ಬಿಡುವುದಿಲ್ಲವಲ್ಲ ಅಂತ ಇನ್ನೊಂದು ಭಯ. ಮಂಜಿನಲ್ಲಿ ಜಯ ಕಾಣಳು, ಪಾಸ್‌ಪೋರ್ಟು ಅವಳ ಚೀಲದಲ್ಲಿ. ಕೆಳಗೆ ಮುಟ್ಟಿದ ಮೇಲೆ ಆ ಹೆಂಗಸು ಬುಟ್ಟಿಯಿಂದ ಕಸೂತಿಯ ನೀಲಿ ಬಟ್ಟೆ ತೆಗೆದು ಎರಡೂ ಕೈಲಿ ಚಾಚಿದಳು. ನಮ್ಮ ಕಡೆ ಮನೆಯಿಂದ ಹೊರಡುವ ಮುತ್ತೈದೆಗೆ ಹೀಗೇ ಮಡ್ಲಕ್ಕಿ ಕೊಡುವುದು. ನನ್ನ ಕೈ ನನ್ನನ್ನು ಕೇಳಲಿಲ್ಲ, ಸೆರಗು ಒಡ್ಡಿಬಿಟ್ಟಿತು.

ಬಟ್ಟೆ ಬಿದ್ದದ್ದೇ ಅವಳು ಹೆಬ್ಬೆರಳು ಉಜ್ಜಿ ದುಡ್ಡು ಅಂತ ಸನ್ನೆ ಮಾಡಿದಳು. ಮಿಕ್ಕವರೂ ಬಂದು ಸುತ್ತ ನಿಂತರು. ರಸ್ತೆಯಲ್ಲಿ ನಮ್ಮ ಬಸ್ಸು ಹಾರನ್ ಹೊಡೆಯಲು ಶುರು ಮಾಡಿತು. ಜಯ ಓಡಿ ಬಂದಳು.

"ವಾಪಸ್ ಕೊಡವ್ವ, ಬಸ್ಸು ಹೊಂಟೋಯ್ತದೆ."

"ಮಡ್ಲಿಗೆ ಬಿದ್ದಿದ್ದ ಹೆಂಗ್ ಸುರೀಲಮ್ಮಿ? ಮನೇಲಿ ಸೊಸೆ ತುಂಬಿದ ಬಸುರಿ."

"ಮಡ್ಲಕ್ಕಿ ಕೊಡಕ್ಕೆ ಅವಳೇನು ನಿನ್ನ ಅತ್ತಿಗೇನಾ?"

ಶಕುನ ಗಿಕುನ ಅಂದರೆ ನಗುವವಳು ನಾನು. ಆದರೆ ಹುಟ್ಟಬೇಕಾದ ಕೂಸನ್ನು ಒತ್ತೆಯಿಟ್ಟು ಧೈರ್ಯ ತೋರಿಸುವವಳು ಯಾವಳು, ನೀವೇ ಹೇಳಿ. ಜಯ ಹಲ್ಲು ಕಚ್ಚಿ, ಕೇಳಿದಷ್ಟು ದುಡ್ಡು ಕೊಟ್ಟಳು. ಆ ಮುದುಕಿ ನಗುತ್ತ ಇನ್ನೊಂದು ಬಟ್ಟೆ ತೆಗೆಯುವಷ್ಟರಲ್ಲಿ ಸೆರಗು ಸಿಕ್ಕಿಸಿಕೊಂಡು ಓಡಿದೆ, ಈ ಮಂಡಿನೋವು ಇಟ್ಟುಕೊಂಡು.

ಕೂಸು ಚೆನ್ನಾಗೇ ಹುಟ್ಟಿತು. ಆ ಬಟ್ಟೆ ಹಾಸಿ ಮಲಗಿಸಿದರೆ ಬಣ್ಣ ಬಿಟ್ಟು ಕುಂಡೆಯೆಲ್ಲ ನೀಲಿ.

ಸೊಸೆಗೆ ಮೈಸೂರು ರಸ್ತೆಯಲ್ಲಿ ಬೊಂಬೆ ಅಂಗಡಿಯಿದೆ. ಮೊನ್ನೆ ಅವಳು ಕಾರಿಂದಿಳಿದ ಒಬ್ಬ ಬಿಳಿ ಮುದುಕಿಯ ಕೈಗೆ ಅರಗಿನ ಬೊಂಬೆ ತುರುಕಿ ಬೆಲೆ ಹೇಳುತ್ತಿದ್ದಳು. ಮುದುಕಿ ಇಡಲೂ ಆಗದೆ ಹಿಡಿಯಲೂ ಆಗದೆ ತನ್ನವರಿಗಾಗಿ ರಸ್ತೆ ಕಡೆ ನೋಡುತ್ತಿದ್ದಳು. ಆ ಕಣ್ಣು ನನಗೆ ಗೊತ್ತು.

"ಮೊದ್ಲು ಬೆಲೆ ಹೇಳು, ಆಮೇಲೆ ಕೈಗೆ ಕೊಡು" ಅಂದೆ.

"ಹಂಗ್ ಮಾಡುದ್ರೆ ಯಾರು ತಗತಾರೆ ಅತ್ತೆ?"

ಅದೂ ಸರಿಯೇ. ಆ ಬೊಂಬೆಗಳಿಂದಲೇ ನಮ್ಮನೆ ಒಲೆ ಉರಿಯುವುದು. ಸೊಂಟದ ಸೆರಗು ಬಿಚ್ಚಿ ಆ ಮುದುಕಿಯ ಮುಂದೆ ಒಡ್ಡಿದೆ. ಕೆಂಡ ಹಾಕುವಂತೆ ಬೊಂಬೆಯನ್ನು ಅದರೊಳಗೆ ಹಾಕಿ ಅವಳು ಕಾರಿಗೆ ಓಡಿದಳು.

ಸೊಸೆ ಮುಖ ಊದಿಸಿಕೊಂಡು ಬೊಂಬೆಗೆ ಕೈ ಚಾಚಿದಳು. ಮಡಿಲಿಗೆ ಬಿದ್ದದ್ದನ್ನು ಕೊಡುವುದು ಹೇಗೆ? ಅದು ಈಗ ಕೂಸಿನ ಹತ್ತಿರ ಇದೆ.