ಅವ್ವ ಗುಂಡು ಹತ್ತಿದ ಗುರುವಾರ

ಮೊನ್ನೆ ಬೆಳಿಗ್ಗೆ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಯ ಕೆಳಗೆ ಒಂದು ಅರ್ಜಿ ಸಿಕ್ಕಿತು. ಗೆರೆ ಹಾಳೆ, ಎಡಕ್ಕೆ ಅಂಚು ಬಿಟ್ಟು, ಶಾಲೆಯಲ್ಲಿ ಕಲಿಸಿದ ಪ್ರಕಾರ 'ಇಂದ', 'ಗೆ', 'ಮಾನ್ಯರೇ' ಎಲ್ಲವೂ ಇತ್ತು. ವಿಷಯ: ಮೊಬೈಲ್ ಫೋನ್ ಕೊಡಿಸುವ ಬಗ್ಗೆ. ಅರ್ಜಿದಾರಳು ನನ್ನ ಮಗಳು, ಹನ್ನೆರಡು ವರ್ಷ. 'ನನ್ನ ಗೆಳತಿಯರೆಲ್ಲರ ಬಳಿ ಇರುವುದರಿಂದಲೂ, ನಾನು ಈಗ ದೊಡ್ಡವಳಾಗಿರುವುದರಿಂದಲೂ' ಎಂದು ಕಾರಣ ಕೊಟ್ಟಿದ್ದಳು. ಕೆಳಗೆ ನಮ್ಮ ಯಜಮಾನರ ಸಹಿ, ಅದರ ಪಕ್ಕ 'ಶಿಫಾರಸು ಮಾಡಿದೆ' ಎಂಬ ಷರಾ. ನಾನು ಹತ್ತು ವರ್ಷದಿಂದ ಚಳ್ಳಕೆರೆಯ ಒಂದು ಕಚೇರಿಯಲ್ಲಿ ಕಡತ ತಿರುವುತ್ತಿರುವವಳು. ಪೆನ್ನು ತೆಗೆದು 'ಪರಿಶೀಲನೆಯಲ್ಲಿದೆ' ಎಂದು ಬರೆದು ಅದನ್ನು ಅಲ್ಲೇ ಇಟ್ಟೆ. ಈ ಒಂದು ಮಾತಿನ ಮೇಲೆ ಯಾವ ಕಡತವನ್ನಾದರೂ ಎಷ್ಟು ವರ್ಷ ಬೇಕಾದರೂ ಮಲಗಿಸಬಹುದು.

ನಿಮ್ಮ ಮನೆಯಲ್ಲೂ ಇಂಥ ಅರ್ಜಿ, ಬರಹದಲ್ಲೋ ಅಳುವಿನಲ್ಲೋ, ಬಂದೇ ಇರುತ್ತದೆ. ಕಚೇರಿಯಲ್ಲಿ ಊಟದ ಹೊತ್ತಿಗೆ ಈ ಮಾತು ತೆಗೆದೆ. ಒಬ್ಬರು ಹತ್ತನೇ ಕ್ಲಾಸು ಮುಗಿಯಲಿ ಎಂದರು. ಇನ್ನೊಬ್ಬರು ಪಿಯುಸಿ ಎಂದರು. ನಿವೃತ್ತಿಗೆ ಹತ್ತಿರವಿರುವ ಒಬ್ಬ ಹಿರಿಯರು, 'ನನಗೇ ಇನ್ನೂ ಆ ವಯಸ್ಸು ಬಂದಿಲ್ಲ ಕಣಮ್ಮ, ಎಲ್ಲಿ ಒತ್ತಿದ್ರೂ ಇನ್ನೇನೋ ತೆರಕೊಂತೈತೆ' ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ನನ್ನ ತೀರ್ಮಾನ ಆಗಲೇ ಆಗಿಹೋಗಿತ್ತು. ಈಗ ಕೊಡಿಸುವುದಿಲ್ಲ. ಹಟಮಾರಿ ಎನ್ನುವವರು ಎನ್ನಲಿ. ನನಗೆ ಹನ್ನೆರಡನೇ ವಯಸ್ಸಿಗೆ ಫೋನು ಸಿಕ್ಕಿತ್ತು, ಅದರಿಂದ ಏನಾಯಿತೆಂದು ನಿನ್ನೆಯವರೆಗೆ ನಾನು ಯಾರಿಗೂ ಹೇಳಿರಲಿಲ್ಲ. ಗಂಡನಿಗೂ ಹೇಳಿರಲಿಲ್ಲ.

ಹನ್ನೆರಡು ವರ್ಷದ ಹುಡುಗಿಗೆ, ಆ ಕಾಲದಲ್ಲಿ, ಮೊಳಕಾಲ್ಮೂರು ತಾಲೂಕಿನ ಹಳ್ಳಿಯಲ್ಲಿ ಫೋನೇ ಎಂದು ನೀವು ಹುಬ್ಬೇರಿಸಬಹುದು. ನಮ್ಮೂರು ದೇವಸಮುದ್ರದಲ್ಲಿ ಬಸ್ಸಿಳಿದು ಇನ್ನೂ ಮೂರು ಮೈಲಿ ನಡೆಯಬೇಕಾದ ಊರು. ನಮ್ಮದು ಕುರಿ ಸಾಕುವ ಮನೆ. ಸುಗ್ಗಿ ಮುಗಿದು ಇಲ್ಲಿನ ಹುಲ್ಲು ಒಣಗಿದ ಮೇಲೆ ಅಪ್ಪ ಕುರಿ ಹೊಡೆದುಕೊಂಡು ಬಳ್ಳಾರಿ ಕಡೆಯ ನೀರಾವರಿ ಗದ್ದೆಗಳಿಗೆ ಹೋಗುತ್ತಿದ್ದ. ಗೊಬ್ಬರಕ್ಕಾಗಿ ಗದ್ದೆಯವರು ಮಂದೆಯನ್ನು ರಾತ್ರಿ ತಮ್ಮ ಹೊಲದಲ್ಲಿ ತರುಬಿ ನಿಲ್ಲಿಸಿಕೊಳ್ಳುತ್ತಿದ್ದರು. ಹೋದರೆ ನಾಲ್ಕೈದು ತಿಂಗಳು ಸುದ್ದಿಯಿರುತ್ತಿರಲಿಲ್ಲ. ಒಂದು ವರ್ಷ ಅಪ್ಪನಿಗೆ ಅಲ್ಲಿ ಜ್ವರ ಬಂದು ಮಲಗಿದ್ದು ನಮಗೆ ತಿಳಿದದ್ದೇ ಅವನು ಎದ್ದು ಓಡಾಡುವ ಹೊತ್ತಿಗೆ. ಮುಂದಿನ ಸಲ ಹೊರಡುವ ಮೊದಲು ಒಂದು ಸಣ್ಣ ಫೋನು ತಂದು ಗೋಡೆಯ ಗೂಡಿನಲ್ಲಿ, ಕುಂಕುಮದ ಬಟ್ಟಲಿನ ಪಕ್ಕ ಇಟ್ಟ. ಸೋಮವಾರ, ಗುರುವಾರ ಸಂಜೆ, ತಾನಿರುವ ಊರಿನ ರೂಪಾಯಿ ಡಬ್ಬಿ ಫೋನಿನಿಂದ ಮಾಡುತ್ತೇನೆಂದ.

ಮನೆಯಲ್ಲಿ ಇದ್ದವರು ಅವ್ವ, ನಾನು, ಇನ್ನೂ ಸರಿಯಾಗಿ ಮಾತು ಬಾರದ ತಮ್ಮ. ಫೋನು ಅವ್ವನ ಕೈಗೆ ಸೇರಬೇಕಿತ್ತು. ಆದರೆ ಅದಕ್ಕೆ ಸಿಗ್ನಲ್ ಸಿಗುತ್ತಿದ್ದದ್ದು ಒಂದೇ ಕಡೆ, ಊರ ಹಿಂದಿನ ದೊಡ್ಡ ಗುಂಡಿನ ಮೇಲೆ. ಗುಂಡು ಎಂದರೆ ನಮ್ಮ ಕಡೆ ಮನೆಯಷ್ಟು ದೊಡ್ಡ ದುಂಡು ಬಂಡೆ. ಸಂಜೆಯಾದರೆ ಊರಲ್ಲಿ ಫೋನಿದ್ದ ನಾಲ್ಕು ಮನೆಯವರು, ಫೋನಿಲ್ಲದ ಹದಿನಾಲ್ಕು ಮನೆಯವರು ಅಲ್ಲೇ ಸೇರುತ್ತಿದ್ದರು. ಮೇಲೆ ನಿಂತವರು ಕೂಗಿಯೇ ಮಾತಾಡಬೇಕು, ಕೆಳಗೆ ಕೂತವರು ಕೇಳಿ ಅಭಿಪ್ರಾಯವನ್ನೂ ಕೊಡಬೇಕು. ಒಬ್ಬ ತನ್ನ ಮಾವನ ಫೋನು ಬಂದರೆ ಹೆಗಲ ಮೇಲಿನ ಟವೆಲು ಇಳಿಸಿ ಕಂಕುಳಲ್ಲಿಟ್ಟುಕೊಂಡು, ಬಾಗಿ ಮಾತಾಡುತ್ತಿದ್ದ. ಮಾವನಿಗೆ ಅದು ಕಾಣುವುದಿಲ್ಲ ಎಂದು ಅವನಿಗೆ ಯಾರೂ ಹೇಳಲಿಲ್ಲ.

ಅಂಥ ಕಡೆ ಅವ್ವ ಹೋಗಲಾರಳು. ಗಂಡನ ಹೆಸರು ಹೇಳದವಳು, ನಾಲ್ಕು ಜನರ ಎದುರು ಅವನ ಜೊತೆ ನೇರ ಮಾತಾಡದವಳು. ಊಟಕ್ಕೆ ಕರೆಯುವಾಗಲೂ ಗೋಡೆಗೆ ಹೇಳಿದಂತೆ 'ರೊಟ್ಟಿ ಆಗ್ಯಾವೆ' ಎನ್ನುತ್ತಿದ್ದಳು.

'ಊರೆಲ್ಲ ಕೇಳೋ ಹಂಗೆ ಗುಂಡಿನ ಮ್ಯಾಲೆ ನಿಂತು ಅವರನ್ನ ಕೂಗ್ಲಾ? ನೀನೇ ಹೋಗವ್ವ. ಓದು ಬರ್ತೈತೆ, ಬಾಯೂ ಐತೆ' ಎಂದಳು.

ಹೀಗೆ ನಾನು ನಮ್ಮ ಮನೆಯ ಬಾಯಾದೆ. ಬಾಯಿಗೆ ಬಂದ ಗತ್ತು ಏನು ಹೇಳಲಿ. ಲಂಗದ ಮೇಲೆ ಅಪ್ಪನ ಹಳೇ ಅಂಗಿ ಹಾಕಿ, ಅದರ ಜೇಬಿನಲ್ಲಿ ಫೋನು ಇಳಿಬಿಟ್ಟು, ಹಿಟ್ಟಿನ ಗಿರಣಿಗೆ ಹೋಗಿ ಚಾರ್ಜಿಗೆ ಹಾಕಿಸಿಕೊಂಡು ಬರುತ್ತಿದ್ದೆ. ಅಕ್ಕಪಕ್ಕದವರು ನಂಬರಿನ ಚೀಟಿ ತಂದು ಓದಿಸುತ್ತಿದ್ದರು. ಒತ್ತಿ ಕೊಟ್ಟರೆ ಹುರಿದ ಶೇಂಗಾ, ಒಮ್ಮೊಮ್ಮೆ ಬೆಲ್ಲದ ಚೂರು. 'ನಾಳೆ ಬನ್ನಿ, ಬ್ಯಾಟರಿ ಇಲ್ಲ' ಎಂದು ದೊಡ್ಡವರನ್ನು ಹಿಂದಕ್ಕೆ ಕಳಿಸುವ ಸುಖವನ್ನೂ ಕಂಡೆ. ಆ ಸುಖ ಈಗಲೂ ಕಚೇರಿಯಲ್ಲಿ ಒಮ್ಮೊಮ್ಮೆ ಸಿಗುತ್ತದೆ, ಅದು ಬೇರೆ ಮಾತು. ಅಪ್ಪ ಹೇಳಿದ್ದನ್ನು ಇಳಿದು ಬಂದು ಅವ್ವನಿಗೆ ಒಪ್ಪಿಸುವುದು, ಅವ್ವ ಹೇಳಿದ್ದನ್ನು ಮುಂದಿನ ಸಲ ಅಪ್ಪನಿಗೆ ಕೂಗುವುದು. ಮೊದಲ ವರ್ಷ ಒಂದು ಮಾತೂ ಆಚೀಚೆ ಆಗಲಿಲ್ಲ.

ಎರಡನೇ ವರ್ಷ, ನನಗೆ ಹದಿಮೂರು ತುಂಬಿದಾಗ, ಒಂದು ಸೋಮವಾರ ಅಪ್ಪ ಫೋನಿನಲ್ಲಿ ಎಂದಿಗಿಂತ ಹುರುಪಿನಿಂದಿದ್ದ.

'ಅವ್ವಾ, ಕೇಳಿಸ್ತೈತೇನು? ನಿಮ್ ಮಾವ ಇಲ್ಲಿಗೆ ಬಂದಿದ್ದ. ನಿಮ್ಮಜ್ಜಿ ಅನ್ನ ಬಿಟ್ಟಾಳಂತೆ, ಮಗಳು ಮಗಳು ಅಂತಾಳಂತೆ. ನಿಮ್ಮವ್ವ ಒಂದು ಸಲ ಹೋಗಿ ಬರ್ಲಿ. ಇನ್ನೊಂದು, ನಿಮ್ ಮಾವ ನಿನಗೊಂದು ಕಡೆ ಗೊತ್ತು ಮಾಡ್ಯಾನೆ. ಗಡಿಯಾಚೆಯೋರು, ಒಳ್ಳೇ ಜನ. ಭಾನುವಾರ ನೋಡಾಕೆ ಬರ್ತಾರೆ. ಉಗಾದಿ ಆದ್ಮೇಲೆ ಮದುವೆ. ನಿಮ್ಮವ್ವಂಗೆ ಹೇಳು, ಮನೆ ಸಾರಿಸಿ ಇಟ್ಕೊಳ್ಳಲಿ.'

ಅಪ್ಪ ಕೆಟ್ಟವನಲ್ಲ. ಆ ಮಾತಿನಲ್ಲಿ ಅವನಿಗೆ ಏನೂ ತಪ್ಪು ಕಾಣಲಿಲ್ಲ. ಬೇರೆ ಸುದ್ದಿಯ ಹಾಗೆಯೇ ಇದನ್ನೂ ನನ್ನ ಕಿವಿಗೆ ಹಾಕಿದ. ನಾನು 'ಹೂಂ' ಎಂದೆ. ಎಂಟನೇ ತರಗತಿಗೆ ಕೊಂಡ ಪುಸ್ತಕಗಳಿಗೆ ಹಾಕಿದ ಕಾಗದದ ರಟ್ಟು ಇನ್ನೂ ಹರಿದಿರಲಿಲ್ಲ.

ಅವ್ವ ಒಲೆಯ ಮುಂದಿನಿಂದಲೇ ಕೇಳಿದಳು. 'ಏನಂದ್ರು?'

'ಎಲ್ಲ ಚೆನ್ನಾಗೈತಂತೆ. ಅಲ್ಲಿ ಬಲು ಸೆಕೆಯಂತೆ.'

ಅಜ್ಜಿಯ ಸುದ್ದಿಯನ್ನಾದರೂ ಹೇಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಾನೂ ಕೇಳಿಕೊಂಡಿದ್ದೇನೆ. ಅಜ್ಜಿ ಇದ್ದದ್ದು ದೊಡ್ಡಉಳ್ಳಾರ್ತಿಯಲ್ಲಿ, ಆ ಮಾವನ ಮನೆಯಲ್ಲೇ. ಅವ್ವ ಅಲ್ಲಿಗೆ ಹೋದರೆ ಮಾವ ಮದುವೆಯ ಮಾತು ತೆಗೆದೇ ತೆಗೆಯುತ್ತಾನೆ. ಒಂದನ್ನು ಹೇಳಿ ಒಂದನ್ನು ಮುಚ್ಚಿಡುವ ಹಾಗಿರಲಿಲ್ಲ. ಹಾಗಾಗಿ ಎರಡನ್ನೂ ನುಂಗಿದೆ. ಗುರುವಾರ ಅಪ್ಪನಿಗೆ, 'ಹೇಳಿದೀನಿ, ಅವ್ವ ಆಗ್ಲಿ ಅಂದ್ಲು' ಎಂದು ಕೂಗಿದೆ. ಸುಳ್ಳು ಹೇಳುವಾಗ ದನಿ ಎಂದಿಗಿಂತ ಗಟ್ಟಿಯಾಗಿತ್ತು. ಹುಡುಗಿಯೊಬ್ಬಳು ಮಾತು ಮರೆಮಾಡಿದರೆ ಬರುವವರು ಬರುವುದಿಲ್ಲ ಎಂದು ನಂಬುವಷ್ಟು ದಡ್ಡಿಯಾಗಿದ್ದೆ.

ಭಾನುವಾರ ಬಂದರು. ಅವ್ವ ಅಂಗಳ ಸಾರಿಸುತ್ತಿದ್ದಳು, ಮೊಣಕೈವರೆಗೂ ಸಗಣಿ. ನಾನು ಜೋಳದ ಸಪ್ಪೆಯ ಬಣವೆಯ ಹಿಂದೆ ಹೋಗಿ ಕೂತೆ. ಬಂದವರಲ್ಲಿ ಹಿರಿಯ ಹೆಂಗಸೊಬ್ಬಳು ತೆಲುಗಿನಲ್ಲಿ, 'ಮೇಮು ವಸ್ತಾಮನಿ ಚೆಪ್ಪಲೇದಾ?' ಎಂದಳು. ನಾವು ಬರುತ್ತೇವೆಂದು ನಿಮಗೆ ಹೇಳಲಿಲ್ಲವೇ ಎಂದು ಕೇಳಿದ್ದು. ಅವ್ವ ಎದ್ದು ನಿಂತಳು. ಅವರ ಕೈಯಲ್ಲಿದ್ದ ಹೂವಿನ ಪೊಟ್ಟಣ ನೋಡಿದಳು. ಬಣವೆಯ ಕಡೆ ಒಮ್ಮೆ ನೋಡಿದಳು. ಆಮೇಲೆ ನಿಧಾನಕ್ಕೆ ಹೇಳಿದಳು.

'ಹೇಳಿದ್ರು. ಹುಡುಗಿ ಬಂದು ಹೇಳಿದ್ಲು. ನಾನೇ ವಾರ ಮರೆತೆ. ಒಳಗೆ ಬರ್ರಿ.'

ನಾನು ಬಯ್ಗುಳಕ್ಕೆ ತಯಾರಾಗಿ ಕೂತಿದ್ದೆ. ಆ ಮಾತಿಗೆ ತಯಾರಾಗಿರಲಿಲ್ಲ. ಮಜ್ಜಿಗೆ ಕುಡಿಯುತ್ತ ಅದೇ ಹೆಂಗಸು, ನಿಮ್ಮ ತಾಯಿಗೆ ಹಾಗಾಗಿದೆಯಂತೆ, ಹೋಗಿ ಬಂದಿರಾ ಎಂದು ಕೇಳಿದಳು. ಅವ್ವ ಅದಕ್ಕೂ 'ಹೂಂ' ಎಂದಳಂತೆ. ನನ್ನನ್ನು ಹೊರಗೆ ಕರೆಯದೆಯೇ ಅವರನ್ನು ಕಳಿಸಿ, ಉಟ್ಟ ಸೀರೆಯಲ್ಲೇ, ತಮ್ಮನನ್ನು ಸೊಂಟಕ್ಕೇರಿಸಿಕೊಂಡು ದೇವಸಮುದ್ರದ ದಾರಿ ಹಿಡಿದಳು. ನಾನು ಹಿಂದೆ ಓಡಿದೆ. ಅವಳು ತಿರುಗಿ ನೋಡಲಿಲ್ಲ, ಹೋಗು ಎನ್ನಲೂ ಇಲ್ಲ.

ನಾವು ಮುಟ್ಟುವ ಹೊತ್ತಿಗೆ ಅಜ್ಜಿಯ ಮಾತು ನಿಂತು ಎರಡು ದಿನವಾಗಿತ್ತು. ಬುಧವಾರ, ಗುರುವಾರವೆಲ್ಲ ಮಗಳನ್ನು ಕರೆಯುತ್ತಲೇ ಇದ್ದಳಂತೆ, ಮಾವನ ಹೆಂಡತಿ ಹೇಳಿದಳು. ಅವ್ವ ಅಜ್ಜಿಯ ಬಾಯಿಗೆ ಗಂಜಿ ಹನಿಸುತ್ತ, 'ಯವ್ವಾ, ನಾನು ಬಂದೀನಿ' ಎನ್ನುತ್ತಿದ್ದಳು. ಅಜ್ಜಿಯ ಕಣ್ಣು ಅವಳ ಮೇಲಿತ್ತು, ಗುರುತು ಹಿಡಿದಿತ್ತೋ ಇಲ್ಲವೋ ತಿಳಿಯದು. ನಾವು ಹೋದ ಎಂಟನೇ ದಿನ ಅಜ್ಜಿ ತೀರಿಕೊಂಡಳು. ಅಜ್ಜಿ ಕರೆಯುತ್ತಿದ್ದ ಆ ಎರಡು ದಿನವನ್ನು ಅವ್ವನಿಗೆ ಇಲ್ಲದಂತೆ ಮಾಡಿದವಳು ನಾನು. ಇದನ್ನು ಬರೆಯುವಾಗಲೂ ನನಗೆ ಅಳು ಬರುತ್ತದೆ, ಬರಲಿ.

ಸುದ್ದಿ ತಿಳಿದು ಬಂದಿದ್ದ ಅಪ್ಪ ಮಣ್ಣು ಮುಗಿಸಿ, ಮೂರನೇ ದಿನಕ್ಕೆ ಮಂದೆಗೆ ಮರಳಿದ. ಸಾವಿನ ಮನೆಯೆಂದು ಮದುವೆಯ ಮಾತನ್ನು ಯಾರೂ ಎತ್ತಿರಲಿಲ್ಲ. ಅವ್ವ ಕಾರ್ಯ ಮುಗಿಸಿ ಊರಿಗೆ ಬಂದಳು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಗುರುವಾರ ಸಂಜೆ ನಾನು ಗೂಡಿಗೆ ಕೈ ಹಾಕಿದರೆ ಅಲ್ಲಿ ಫೋನಿರಲಿಲ್ಲ. ಹೊರಗೆ ಬಂದು ನೋಡಿದೆ. ಅವ್ವ ಸೆರಗು ಸೊಂಟಕ್ಕೆ ಸಿಗಿಸಿ, ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದು ಕೈಯನ್ನು ಬಂಡೆಗೆ ಊರಿ ಗುಂಡು ಹತ್ತುತ್ತಿದ್ದಳು. ಕೆಳಗಿದ್ದ ಗಂಡಸರು ಮಾತು ನಿಲ್ಲಿಸಿ ಎದ್ದು ನಿಂತರು. ನಾನು ಓಡಿ ಹೋಗಿ ಫೋನಿನ ಹಸಿರು ಗುಂಡಿ ತೋರಿಸಿಕೊಟ್ಟೆ. ಫೋನು ಬಂತು. ಅವ್ವ ಒತ್ತಿದಳು.

'ಹುಡುಗಿ ಅಲ್ಲ, ನಾನು.' ಆ ದನಿ ಊರ ಆಚೆ ಹೊಲದವರೆಗೂ ಹೋಗಿರಬೇಕು. 'ಕೇಳ್ರಿ ಇಲ್ಲಿ. ಹುಡುಗಿಗೆ ಈಗ ಮದುವೆ ಇಲ್ಲ. ಒಳ್ಳೇ ಜನ, ನಾನೂ ನೋಡೀನಿ. ಒಳ್ಳೇ ಜನ ಆದ್ರೂ ಬ್ಯಾಡ. ಅವಳು ಓದ್ತಾಳೆ. ಹತ್ತನೇದು ಮುಗಿಸಿ ಇನ್ನೂ ಓದ್ತೀನಿ ಅಂದ್ರೆ ಇನ್ನೂ ಓದ್ತಾಳೆ. ನಮ್ಮಣ್ಣಗೆ ನಾನು ಹೇಳ್ಕೊಂತೀನಿ. ಇನ್ನೊಂದು ಮಾತು. ನನಗೆ ಹೇಳಾದು ಏನಿದ್ರೂ ಇನ್ಮೇಲೆ ನನಗೇ ಹೇಳ್ರಿ. ಮಗೀನ ಕಿವಿಗೆ ಹಾಕಬ್ಯಾಡ್ರಿ.'

ಆ ಕಡೆ ಅಪ್ಪ 'ಆತು ಬಿಡು' ಎಂದದ್ದು ನನಗೂ ಕೇಳಿಸಿತು.

ಇಳಿದು ಬರುವಾಗ ನಾನು, 'ತಪ್ಪಾತವ್ವ' ಎಂದೆ.

'ತಪ್ಪು ಐತೆ. ಇಲ್ಲ ಅನ್ನಾಕಿಲ್ಲ. ಇನ್ನೊಂದು ಮೂರು ದಿನ ಮುಂಚೆ ಹೋಗಿದ್ರೆ ನಮ್ಮವ್ವ ನನ್ ಹೆಸರು ಹಿಡಿದು ಕರೆಯೋಳು.' ಸೊಂಟಕ್ಕೆ ಸಿಗಿಸಿದ್ದ ಸೆರಗು ಬಿಚ್ಚಿ ಹೊದ್ದಳು. 'ಆದ್ರೆ ನಾಚಿಕೆ ನಂದು, ಹೊರೆ ನಿನ್ ತಲಿ ಮ್ಯಾಲೆ ಇಟ್ಟೆ. ಕೊಡ ಹೊರೋ ವಯಸ್ಸಾತು ಅಂತ ಊರ ಮಾತು ಹೊರಿಸಬಾರದು.'

ಅಂದಿನಿಂದ ಫೋನು ಅವ್ವನ ಸೊಂಟದ ಚೀಲಕ್ಕೆ ಹೋಯಿತು. ಒಂದೇ ತಿಂಗಳಲ್ಲಿ ಅಂಕಿ ಕಲಿತಳು. ಈಗ ತಮ್ಮನ ಮನೆಯಲ್ಲಿ ಕೂತು ಅರ್ಧ ತಾಲೂಕಿನವರನ್ನು ಫೋನಿನಲ್ಲೇ ಬಯ್ಯುತ್ತಾಳೆ, ಅಪ್ಪನನ್ನೂ ಸೇರಿಸಿ.

ಇಷ್ಟನ್ನೂ ನಿನ್ನೆ ಸಂಜೆ ಅಡುಗೆಮನೆಯಲ್ಲಿ ಮಗಳಿಗೆ ಹೇಳಿದೆ. ಅರ್ಜಿಯನ್ನು ತಿರಸ್ಕರಿಸಲು ಇದಕ್ಕಿಂತ ಗಟ್ಟಿ ಕಾರಣ ಬೇಕೇ ಎಂಬ ಧೈರ್ಯ. ಮಕ್ಕಳ ಕೈ ಫೋನಿಗೆ ಸಾಕಷ್ಟು ದೊಡ್ಡದಾಗಿದೆಯೇ ಎಂದು ಎಲ್ಲರೂ ನೋಡುತ್ತಾರೆ, ಅದರೊಳಗಿಂದ ಬರುವ ಮಾತನ್ನು ಆ ಮಗು ತಾಳಿಕೊಂಡೀತೇ ಎಂದು ಯಾರೂ ನೋಡುವುದಿಲ್ಲ ಎಂದು ಭಾಷಣವನ್ನೂ ಮಾಡಿದೆ. 'ಹತ್ತನೇ ಕ್ಲಾಸು ಮುಗಿಯೋ ತನಕ ಇಲ್ಲ. ಇದರ ಮೇಲೆ ಮೇಲ್ಮನವಿಯೂ ಇಲ್ಲ' ಎಂದೆ.

ಬಟಾಣಿ ಸುಲಿಯುತ್ತಿದ್ದವಳು ಕೈ ನಿಲ್ಲಿಸಿದಳು.

'ಅಮ್ಮ, ನೀನು ಅಜ್ಜಿಗೆ, ನಿನ್ನ ಅವ್ವನಿಗೆ, ಯಾಕೆ ಹೇಳಲಿಲ್ಲ? ಅಜ್ಜಿ ನಿನ್ನ ಪರ ಇದ್ದರಲ್ಲ.'

'ಅದು ನನಗೆ ಆಗ ಗೊತ್ತಿರಲಿಲ್ಲ.'

'ಹೆಂಗೆ ಗೊತ್ತಾಗಬೇಕಿತ್ತು?'

ಇಪ್ಪತ್ತು ವರ್ಷ ಈ ಕಥೆಯನ್ನು ನನ್ನೊಳಗೇ ಇಟ್ಟುಕೊಂಡು ಫೋನಿನ ಕಡೆಗೇ ಬೆರಳು ತೋರಿಸಿದ್ದೆ. ಅವ್ವ ನನ್ನ ಪರ ನಿಲ್ಲುತ್ತಾಳೆಂದು ನನಗೆ ಒಂದು ಸಲವಾದರೂ ತಿಳಿದಿದ್ದರೆ ಆ ಸೋಮವಾರವೇ ಎಲ್ಲ ಹೇಳಿಬಿಡುತ್ತಿದ್ದೆ. ನನ್ನ ಮಗಳಿಗಾದರೂ ಅದು ತಿಳಿದಿದೆಯೇ? ಹೋದ ತಿಂಗಳು ಅಂಕಪಟ್ಟಿ ತೋರಿಸಲು ಬಂದಾಗ ನಾನು ಮೊದಲು ನೋಡಿದ್ದು ಕಡಿಮೆ ಬಂದ ಅಂಕವನ್ನು.

ಅವಳು ಬಟಾಣಿ ಸಿಪ್ಪೆಯನ್ನೇ ನೋಡುತ್ತ ಹೇಳಿದಳು. 'ಟ್ಯೂಷನ್ನಲ್ಲಿ ಗೆಳತಿ ಫೋನಿಗೆ ಅಲ್ಲಿನವರೇ ಒಬ್ಬರು ನನ್ನ ಹೆಸರು ಹಾಕಿ ಕೆಟ್ಟದಾಗಿ ಏನೋ ಕಳಿಸಿದಾರೆ. ನನಗೆ ಅದು ಇಷ್ಟ ಆಗಲಿಲ್ಲ. ಮೂರು ದಿನ ಆಯ್ತು. ನನ್ನದೇ ಫೋನಿದ್ರೆ ನಾನೇ ಬೈದು ಕಳಿಸ್ತಿದ್ದೆ ಅಂತ ಅರ್ಜಿ ಬರೆದೆ. ಹೇಳಿದ್ರೆ ಟ್ಯೂಷನ್ ಬಿಡಿಸ್ತೀಯಾ?'

ಬಾಯಿಗೆ ಬಂದ ನೂರು ಪ್ರಶ್ನೆಗಳನ್ನು ತಡೆದೆ. ಯಾರವನು, ಯಾಕೆ ಇಷ್ಟು ದಿನ ಸುಮ್ಮನಿದ್ದೆ, ಎಲ್ಲವನ್ನೂ. ಸ್ಟವ್ ಆರಿಸಿ, ಅವಳ ಪಕ್ಕ ನೆಲದ ಮೇಲೆ ಕೂತೆ.

'ಬಿಡಿಸಲ್ಲ, ಬೈಯೋದೂ ಇಲ್ಲ. ಕಳಿಸಿದವರ ಹತ್ರ ನಾನೇ ಮಾತಾಡ್ತೀನಿ' ಎಂದೆ. 'ಮೊದಲಿಂದ ಹೇಳು.'