ಮೂಡಬಿದಿರೆಯ ವೈಂಡಿಂಗ್ ಅಂಗಡಿಗೆ ಗೇಮ್ ಕಂಪ್ಯೂಟರ್ ಬಂದದ್ದು

2004ನೇ ಇಸವಿ. ಮೂಡಬಿದಿರೆಯಲ್ಲಿ ನನ್ನದು ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟ ಪಂಪಿನ ಮೋಟರ್ ಬಿಚ್ಚುವುದು, ಒಳಗೆ ಕಪ್ಪಾದ ತಾಮ್ರದ ತಂತಿ ಕಿತ್ತು ತೆಗೆಯುವುದು, ಹೊಸ ತಂತಿಯನ್ನು ಸುತ್ತಿನ ಲೆಕ್ಕ ಹಿಡಿದು ಕೂರಿಸುವುದು, ವಾರ್ನಿಷ್ ಹಾಕಿ ಒಣಗಿಸುವುದು. ಇದಕ್ಕೆ ವೈಂಡಿಂಗ್ ಅಂತ ಹೆಸರು. ನಾನು ಓದಿದ್ದು ಮೂರನೇ ಕ್ಲಾಸು. ಕೆಲಸ ಕಲಿತದ್ದು ಗಂಡನ ಹತ್ತಿರ. ಅವರು 1992ರಲ್ಲಿ ತೀರಿಕೊಂಡರು, ಅಂಗಡಿ ಉಳಿಯಿತು. ಹೆಂಗಸು ಮೋಟರ್ ಬಿಚ್ಚುತ್ತಾಳೆ ಅಂತ ಮೊದಲನೇ ವರ್ಷ ಜನ ನಿಂತು ನೋಡಿದರು. ಎರಡನೇ ವರ್ಷ ಮೋಟರ್ ತಂದರು. ನಾರಾವಿಯಿಂದಲೂ ಜೀಪಿನಲ್ಲಿ ಹಾಕಿ ತರುತ್ತಿದ್ದರು.

2004ಕ್ಕೆ ಬರುವಾಗ ಕೆಲಸ ಕಮ್ಮಿಯಾಗಿತ್ತು. ಹೊಸ ಪಂಪ್ ಸುಟ್ಟರೆ ಕಂಪನಿಯವರೇ ಬದಲಿಸಿ ಕೊಡುತ್ತಿದ್ದರು. ವಾರಕ್ಕೆ ಎರಡು ಮೋಟರ್ ಬಂದರೆ ಹೆಚ್ಚು. ಕಟ್ಟಡದ ಯಜಮಾನರು ಹೆಗ್ಡೆರು, ಊರಿನ ಹಳೇ ಜೈನ ಮನೆತನದವರು. ಸೆಪ್ಟೆಂಬರ್ ಕೊನೆಗೆ ಬಂದು ಬಾಗಿಲಲ್ಲೇ ನಿಂತರು.

"ಲೀಲಾ, ಈ ಕೋಣೆಯನ್ನು ಬೇಕರಿಯವ ಕೇಳಿದ್ದಾನೆ. ನಿನ್ನಲ್ಲಿ ಕೆಲಸ ಎಲ್ಲುಂಟು? ನೊಣ ಓಡಿಸಲಿಕ್ಕೆ ಒಂದು ಅಂಗಡಿ ಬೇಕಾ?"

"ಬೇಕರಿಗೆ ನೊಣ ಬರುವುದಿಲ್ವಾ?" ಎಂದೆ.

ಅವರು ನಗಲಿಲ್ಲ. "ಅಕ್ಟೋಬರ್ ಮೂವತ್ತೊಂದರವರೆಗೆ ನೋಡ್ತೇನೆ. ಅಂಗಡಿಯಲ್ಲಿ ಜನ ಕಂಡರೆ ನೀನೇ ಇರು. ಕಾಣದಿದ್ದರೆ ಬಿಟ್ಟುಕೊಡು," ಎಂದು ಹೋದರು. ಇಪ್ಪತ್ತಮೂರು ವರ್ಷ ಕೂತ ಜಾಗ. ಬಿಡುವುದಿಲ್ಲ ಅಂತ ಅವರ ಬೆನ್ನಿಗೇ ಹೇಳಿದೆ. ಕೇಳಿಸಿತೋ ಇಲ್ಲವೋ.

ಗೇಮಿನ ಯೋಚನೆ ನನ್ನದಲ್ಲ, ಝುಲೇಖಳದ್ದು. ಕಕ್ಕಿಂಜೆಯ ಹುಡುಗಿ, ಆಗ ಇಪ್ಪತ್ತನಾಲ್ಕು ವರ್ಷ, ಗಂಡ ದುಬೈಯಲ್ಲಿ. ಬೆಳ್ತಂಗಡಿಯಲ್ಲಿ ಒಂದು ವರ್ಷ ಕಂಪ್ಯೂಟರ್ ಹಾರ್ಡ್‌ವೇರ್ ಕಲಿತಿದ್ದಳು. ಹಾರ್ಡ್‌ವೇರ್ ಎಂದರೆ ಕಂಪ್ಯೂಟರಿನ ಸಾಮಾನು ಜೋಡಿಸುವ, ರಿಪೇರಿ ಮಾಡುವ ಕೆಲಸ. ನಾಲ್ಕು ಅಂಗಡಿಗೆ ಕೆಲಸ ಕೇಳಿ ಹೋದರೆ ನಾಲ್ಕರಲ್ಲೂ ಬಿಲ್ ಬರೆಯಲು ಕೂರು ಎಂದರಂತೆ. ಪುತ್ತಿಗೆಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ನನ್ನಲ್ಲಿಗೆ ಮಿಕ್ಸಿ ರಿಪೇರಿ ಕಲಿಯಲು ಬರುತ್ತಿದ್ದಳು. ಹೆಗ್ಡೆರು ಹೋದ ಮೇಲೆ ಅವಳು ಹೇಳಿದಳು:

"ಲೀಲಕ್ಕ, ಇಲ್ಲಿ ಹಾಸ್ಟೆಲಿನ ಮಕ್ಕಳು ಎಷ್ಟು ಉಂಟು. ಸೈಬರ್ ಕೆಫೆಗೆ ಹೋದರೆ ಗೇಮ್ ತಡವರಿಸುತ್ತದೆ ಅಂತ ಬಯ್ಯುತ್ತಾ ಹೊರಗೆ ಬರ್ತಾರೆ. ತಡವರಿಸದ ಒಂದೇ ಒಂದು ಕಂಪ್ಯೂಟರ್ ನಾವು ಕಟ್ಟುವ. ಗಂಟೆಗೆ ಇಷ್ಟು ಅಂತ ಆಡ್ಲಿಕ್ಕೆ ಕೊಡುವ."

"ಆಟಕ್ಕೆ ದುಡ್ಡು ಕೊಡ್ತಾರಾ?"

"ಕೋಳಿ ಕಾದಿಸುವ ಅಂಕಕ್ಕೆ ಕೊಡುವುದಿಲ್ವಾ? ಇದರಲ್ಲಿ ಕೋಳಿಯೂ ಸಾಯುವುದಿಲ್ಲ."

ಸುಟ್ಟ ತಾಮ್ರ ಅಂಗಡಿಗೇ ಸೇರುವುದು ನಮ್ಮ ಕೆಲಸದ ಪದ್ಧತಿ. ವರ್ಷಗಟ್ಟಲೆ ಕೂಡಿಟ್ಟದ್ದನ್ನು ಮಾರಿದೆ. ಇಪ್ಪತ್ತಾರು ಸಾವಿರ ಸಿಕ್ಕಿತು. ಅದರೊಳಗೆ ಎಲ್ಲ ಆಗಬೇಕು. ತಪ್ಪಿದರೆ ಎರಡನೇ ಸಲಕ್ಕೆ ತಾಮ್ರ ಇಲ್ಲ.

ಝುಲೇಖ ಒಂದು ಪಟ್ಟಿ ಬರೆದಳು. ಒಂದೊಂದೂ ಯಾಕೆ ಅಂತ ನಾನು ಕೇಳಿದೆ. ಗೊತ್ತಿಲ್ಲದ್ದಕ್ಕೆ ದುಡ್ಡು ಕೊಡುವ ಅಭ್ಯಾಸ ನನಗಿಲ್ಲ. ಪ್ರೊಸೆಸರ್ ಎಂದರೆ ಲೆಕ್ಕ ಮಾಡುವುದು. ಮದರ್‌ಬೋರ್ಡ್ ಎಂದರೆ ಎಲ್ಲವನ್ನೂ ಚುಚ್ಚುವ ಹಲಗೆ. ರ‍್ಯಾಮ್ ಎಂದರೆ ಕೆಲಸದ ಮೇಜು. ಮೇಜು ಚಿಕ್ಕದಾದರೆ ಸಾಮಾನು ಎತ್ತಿಡುವುದರಲ್ಲೇ ಹೊತ್ತು ಹೋಗುತ್ತದೆ. ಗ್ರಾಫಿಕ್ಸ್ ಕಾರ್ಡ್ ಎಂದರೆ ಚಿತ್ರ ಬಿಡಿಸಲಿಕ್ಕೆಂದೇ ಇರುವ ಬೇರೆ ತುಂಡು. ಕೊನೆಗೆ ಎಸ್‌ಎಂಪಿಎಸ್, ಒಂದು ಕಬ್ಬಿಣದ ಡಬ್ಬಿ. ಗೋಡೆಯ 230 ವೋಲ್ಟನ್ನು ಹನ್ನೆರಡು, ಐದು ಅಂತ ಇಳಿಸಿ ಎಲ್ಲರಿಗೂ ಹಂಚುವುದು ಅದೇ. ಇದು ನನಗೆ ಒಂದೇ ಸಲಕ್ಕೆ ಅರ್ಥವಾಯಿತು.

ಅಕ್ಟೋಬರ್ ಐದಕ್ಕೆ ಬಂಟ್ವಾಳಕ್ಕೆ ಹೋದೆವು. ಅಲ್ಲಿಯ ಕಂಪ್ಯೂಟರ್ ಅಂಗಡಿಯವನ ಹೆಸರು ವಿಶ್ವನಾಥ ಎಂದಿಟ್ಟುಕೊಳ್ಳಿ. ಝುಲೇಖಳ ಪಟ್ಟಿ ನೋಡಿ ಮಡಚಿ ಅವಳಿಗೇ ಕೊಟ್ಟ.

"ಇಷ್ಟೆಲ್ಲ ಬೇಡಮ್ಮ. ದೊಡ್ಡ ಪ್ರೊಸೆಸರ್ ಹಾಕುವ, ಎಲ್ಲರೂ ಅದನ್ನೇ ಕೇಳ್ತಾರೆ. ಗ್ರಾಫಿಕ್ಸ್ ಬೋರ್ಡಿನಲ್ಲೇ ಉಂಟು. ಕಾರ್ಡ್ ದಂಡ."

ನಾನು ಕೇಳಿದೆ, "ಹಾಗಾದರೆ ಚಿತ್ರ ಬಿಡಿಸುವುದು ಯಾರು?"

"ಪ್ರೊಸೆಸರೇ, ಅಕ್ಕ. ಅದೇ ಎಲ್ಲ ಮಾಡ್ತದೆ."

"ಮದುವೆ ಮನೆಯಲ್ಲಿ ಒಬ್ಬನೇ ಅಡಿಗೆಯೂ ಮಾಡಿ ಬಡಿಸಿದರೆ ಪಂಕ್ತಿ ಏಳುವುದು ಯಾವಾಗ?"

ಸೈಬರಿನ ಗೇಮ್ ತಡವರಿಸುವುದು ಯಾಕೆ ಅಂತ ನನಗೆ ಅಲ್ಲೇ ಗೊತ್ತಾಯಿತು. ಪ್ರೊಸೆಸರ್ ಸಣ್ಣದೇ ತೆಗೆದುಕೊಂಡೆವು, ಉಳಿದದ್ದನ್ನು ಕಾರ್ಡಿಗೆ ಹಾಕಿದೆವು. 128 ಎಂಬಿಯ ಕಾರ್ಡ್, ನಾಲ್ಕು ಸಾವಿರದ ಆರುನೂರು. ಸ್ಟೆಬಿಲೈಸರ್ ಕೊಳ್ಳಲಿಲ್ಲ. ವೋಲ್ಟೇಜ್ ಸಮ ಮಾಡುವ ಟ್ರಾನ್ಸ್‌ಫಾರ್ಮರ್ ನಾನೇ ಸುತ್ತುತ್ತೇನೆ, ಅದಕ್ಕೆ ಬೇರೆಯವನಿಗೆ ಯಾಕೆ ಕೊಡಲಿ?

ಇಷ್ಟರವರೆಗೆ ಎಲ್ಲ ಸರಿ. ತಪ್ಪಿದ್ದು ಡಬ್ಬಿಯಲ್ಲಿ. ತಪ್ಪಿಸಿದ್ದು ನಾನೇ.

ಝುಲೇಖ ಕೇಳಿದ್ದು 350 ವ್ಯಾಟಿನ, ಬೆಲೆ ಹೆಚ್ಚಿನ ಡಬ್ಬಿ. ವಿಶ್ವನಾಥ ಅದರ ಪಕ್ಕದಲ್ಲಿ 500 ವ್ಯಾಟ್ ಅಂತ ಬರೆದ ಇನ್ನೊಂದನ್ನು ಇಟ್ಟ. ಬೆಲೆ ಅರ್ಧ. ಬರೆದದ್ದನ್ನು ನಾನು ನಂಬುವುದಿಲ್ಲ. ಮೇಲೆ ಐದು ಎಚ್‌ಪಿ ಎಂದು ಬರೆದು ಒಳಗೆ ಮೂರರ ತಾಮ್ರ ಸುತ್ತಿದ ಮೋಟರ್ ಎಷ್ಟೋ ಬಿಚ್ಚಿದ್ದೇನೆ. ಆದರೆ ತೂಕವನ್ನು ನಂಬುತ್ತೇನೆ. ತಾಮ್ರ ಹೆಚ್ಚಿದ್ದರೆ ತೂಕ ಹೆಚ್ಚು, ಅದರಲ್ಲಿ ಮೋಸ ಇಲ್ಲ. ಎರಡನ್ನೂ ಎರಡು ಕೈಯಲ್ಲಿ ಎತ್ತಿದೆ. ಅರ್ಧ ಬೆಲೆಯದ್ದೇ ಭಾರ.

"ಇದೇ ಸಾಕು," ಎಂದೆ.

"ಲೀಲಕ್ಕ, ಬೇಡ. ಇದರ ಹೆಸರೇ ನಾನು ಕೇಳಿಲ್ಲ."

"ಹೆಸರು ಸುಡುವುದಿಲ್ಲ ಮಾರಾಯ್ತಿ, ತಂತಿ ಸುಡುವುದು. ನಾನು ಮೋಟರ್ ಎತ್ತಲು ಶುರು ಮಾಡುವಾಗ ನೀನು ತೊಟ್ಟಿಲಲ್ಲಿದ್ದೆ."

ಉಳಿದ ದುಡ್ಡಿಗೆ ಒಂದು ಒಳ್ಳೆಯ ಕುರ್ಚಿ ಕೊಂಡೆ.

ಎರಡು ದಿನದಲ್ಲಿ ಅವಳು ಜೋಡಿಸಿದಳು. ಚಾಲೂ ಆಯಿತು. ಕಾರ್ ಓಡಿಸುವ ಗೇಮ್ ಹಾಕಿದಳು. ಕಾರ್ ಒಂದು ತಿರುವು ತಿರುಗಿತು, ಎರಡು ತಿರುಗಿತು, ಎದುರಿನಿಂದ ಹತ್ತು ಕಾರ್ ಬಂದವು, ಪರದೆ ಕಪ್ಪಾಯಿತು. ಕಂಪ್ಯೂಟರ್ ತಾನೇ ನಿಂತು ಮತ್ತೆ ಶುರುವಾಯಿತು. ಇನ್ನೊಮ್ಮೆ ಹಾಕಿದಳು. ಅದೇ ಜಾಗದಲ್ಲಿ ಅದೇ ಕಥೆ. ಸುಮ್ಮನೆ ಬಿಟ್ಟರೆ ಇಡೀ ದಿನ ಓಡುತ್ತದೆ. ಆಟ ಜೋರಾದ ಕೂಡಲೇ ಬೀಳುತ್ತದೆ. ಹಾಸ್ಟೆಲಿನ ಮೂವರು ಬಂದು ನೋಡಿ, "ಸೈಬರಿನಲ್ಲಿ ತಡವರಿಸುವುದಾದರೂ ತಡವರಿಸ್ತದೆ, ಇದು ಸಾಯ್ತದೆ," ಎಂದು ನಗಾಡಿ ಹೋದರು.

ನಾನು ಮೊದಲು ನನ್ನ ಸ್ಟೆಬಿಲೈಸರ್ ನೋಡಿದೆ. ಮೀಟರಿನಲ್ಲಿ 228, ಅಲ್ಲಾಡಲಿಲ್ಲ. ಹಾಗಾದರೆ ತಪ್ಪು ನನ್ನದಲ್ಲ ಎಂದು ಝುಲೇಖಳ ಮೇಲೆ ಹಾರಿದೆ. ನಿನ್ನ ಕಾರ್ಡೇ ಕೆಟ್ಟದ್ದು, ವಿಶ್ವನಾಥ ಹೇಳಿದ್ದೇ ಸರಿ, ಕಾರ್ಡ್ ದಂಡ ಎಂದೆ. ಅವಳು ಕಾರ್ಡ್ ತೆಗೆದು ಮೇಜಿನ ಮೇಲಿಟ್ಟಳು.

"ಕಾರ್ಡ್ ಊಟ ಕೇಳಿದಾಗ ಡಬ್ಬಿ ಬಡಿಸುವುದಿಲ್ಲ. ನಾನು ಅವತ್ತೇ ಹೇಳಿದೆ. ನೀವು ಡಬ್ಬಿಯನ್ನು ಕುಂಬಳಕಾಯಿ ಎತ್ತಿದ ಹಾಗೆ ಎತ್ತಿ ನೋಡಿದಿರಿ."

ಮೂರು ದಿನ ನಮಗೆ ಮಾತಿಲ್ಲ. ಅವಳು ಬರುವುದು ಬಿಡಲಿಲ್ಲ, ಮಿಕ್ಸಿ ಬಿಚ್ಚಿಕೊಂಡು ಕೂತಿರುತ್ತಿದ್ದಳು. ಹದಿನಾಲ್ಕಕ್ಕೆ ಬೇಕರಿಯವ ಬಂದು ನನ್ನ ಎದುರೇ ಕೋಣೆಗೆ ಟೇಪ್ ಹಿಡಿದು ಅಳತೆ ತೆಗೆದುಕೊಂಡು ಹೋದ. ಒಲೆ ಎಲ್ಲಿ ಇಡುವುದು ಅಂತ ನನ್ನನ್ನೇ ಕೇಳಿದ.

ಅವ ಹೋದ ಮೇಲೆ ಸ್ಕ್ರೂಡ್ರೈವರ್ ತೆಗೆದೆ. ಡಬ್ಬಿಯ ಮೇಲೆ ಒಂದು ಸ್ಟಿಕ್ಕರ್. ಹರಿದರೆ ವಾರಂಟಿ ಇಲ್ಲ, ಅಂದರೆ ಕೆಟ್ಟರೆ ಬದಲಿಸಿ ಕೊಡುವುದಿಲ್ಲ ಎಂದು ಬರೆದಿದ್ದರಂತೆ. ಹರಿದೆ. ಒಳಗೆ ಹೆಬ್ಬೆರಳಿನಷ್ಟು ಒಂದು ಟ್ರಾನ್ಸ್‌ಫಾರ್ಮರ್, ನಾಲ್ಕು ಸಣಕಲು ತಂತಿ. ಮುಚ್ಚಳದ ಒಳಬದಿಗೆ ಗಮ್ಮಿನಲ್ಲಿ ಅಂಟಿಸಿದ ಒಂದು ಕಬ್ಬಿಣದ ಪಟ್ಟಿ, ಎರಡು ಬೆರಳು ಅಗಲ. ಅದಕ್ಕೆ ಒಂದೂ ತಂತಿ ಇಲ್ಲ, ಒಂದೂ ಕೆಲಸ ಇಲ್ಲ. ತೂಕಕ್ಕೆ ಮಾತ್ರ ಇಟ್ಟದ್ದು. ಎತ್ತಿ ನೋಡಿ ಕೊಳ್ಳುವ ನನ್ನಂಥವರಿಗೆಂದೇ ಯಾರೋ ಕೂತು ಅಂಟಿಸಿದ್ದರು.

ಝುಲೇಖಳನ್ನು ಕರೆದು ತೋರಿಸಿದೆ. "ನೀನು ಹೇಳಿದ್ದು ಸರಿ," ಎಂದೆ.

"ಇನ್ನೊಮ್ಮೆ ಹೇಳಿ, ಸರಿಯಾಗಿ ಕೇಳಲಿಲ್ಲ."

"ಒಂದೇ ಸಲ ಹೇಳುವುದು. ಕೆಲಸದ ಮಾತಾಡು. ಈ ಡಬ್ಬಿಯನ್ನು ಕಂಪ್ಯೂಟರ್ ಇಲ್ಲದೆ ಚಾಲೂ ಮಾಡ್ಲಿಕ್ಕೆ ಆಗ್ತದಾ?"

ಆಗುತ್ತದೆ ಎಂದಳು. ಹಸಿರು ತಂತಿಯನ್ನು ಕಪ್ಪಿಗೆ ಮುಟ್ಟಿಸಿದರೆ ಸಾಕು. ಅಷ್ಟು ಗೊತ್ತಾದರೆ ಉಳಿದದ್ದು ನನ್ನ ಕೆಲಸ. ಸುತ್ತಿದ ಮೋಟರನ್ನು ಖಾಲಿ ತಿರುಗಿಸಿ ಯಾರಿಗೂ ಕೊಟ್ಟವಳಲ್ಲ ನಾನು. ಪಂಪಿಗೆ ಕಟ್ಟಿ, ನೀರು ಎತ್ತಿಸಿ, ಅರ್ಧ ಗಂಟೆ ಬಿಟ್ಟು, ಮೈ ಮುಟ್ಟಿ ನೋಡಿಯೇ ಕೊಡುವುದು. ಲೋಡ್ ಹಾಕಿ ನೋಡುವುದು ಎಂದರೆ ಅದು. ಈ ಡಬ್ಬಿಗೆ ಮಾತ್ರ ಆ ನಿಯಮ ಮರೆತಿದ್ದೆ. ಕೈಗೆ ಅಹಂಕಾರ ಬಂದಿತ್ತು.

ಹದಿನಾರಕ್ಕೆ ಪುನಃ ಬಂಟ್ವಾಳ. ಚೀಲದಲ್ಲಿ ಡಬ್ಬಿ, ಕಬ್ಬಿಣದ ಪಟ್ಟಿ, ಮೀಟರ್, ಜೀಪಿನ ಹನ್ನೆರಡು ವೋಲ್ಟಿನ, ಅರವತ್ತು ವ್ಯಾಟಿನ ಎರಡು ಹೆಡ್‌ಲೈಟ್ ಬಲ್ಬು. ವಿಶ್ವನಾಥನ ಅಂಗಡಿಯಲ್ಲಿ ನಾಲ್ಕೈದು ಗಿರಾಕಿಗಳಿದ್ದರು. ಪಟ್ಟಿಯನ್ನು ಗಾಜಿನ ಮೇಲಿಟ್ಟೆ.

"ಸ್ಟಿಕ್ಕರ್ ಹರಿದಿದ್ದೀರಿ ಅಕ್ಕ. ವಾರಂಟಿ ಹೋಯಿತು," ಎಂದ.

"ಕಬ್ಬಿಣಕ್ಕೆ ವಾರಂಟಿ ಬೇಡ. ಅದು ಕೆಡುವುದಿಲ್ಲ."

ಗಿರಾಕಿಗಳು ಹತ್ತಿರ ಬಂದರು. ಝುಲೇಖ ನಮ್ಮ ಡಬ್ಬಿಯ ಹಸಿರು, ಕಪ್ಪು ಮುಟ್ಟಿಸಿದಳು. ಹಳದಿ ತಂತಿಗೆ ನಾನು ಬಲ್ಬು ಕಟ್ಟಿದೆ. ಒಂದು ಬಲ್ಬು ಉರಿಯಿತು. ಎರಡನೆಯದು ಹಾಕಿದ ಕೂಡಲೇ ಎರಡೂ ಕೆಂಪಾದವು, ಮೀಟರ್ ಹನ್ನೆರಡರಿಂದ ಹತ್ತೂವರೆಗೆ ಇಳಿಯಿತು, ಸುಟ್ಟ ವಾಸನೆ ಬಂತು. ಆ ವಾಸನೆ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

"ಇದು ಜೀಪಲ್ಲ ಅಕ್ಕ. ಹೀಗೆಲ್ಲ ನೋಡುವ ಕ್ರಮ ಇಲ್ಲ."

"500 ಅಂತ ಬರೆದದ್ದು ನೂರಿಪ್ಪತ್ತಕ್ಕೆ ಮಲಗಿತು. ಇನ್ನು ಯಾವ ಕ್ರಮದಲ್ಲಿ ನೋಡಬೇಕು ಹೇಳು. ಅಂಗಡಿಯಲ್ಲಿ ಇರುವ ಡಬ್ಬಿ ಎಲ್ಲ ಇಡು."

"ಯಾಕೆ ಇಡಬೇಕು?"

ಅವನ ಗಿರಾಕಿಯೇ ಒಬ್ಬ, "ಇಡು ಮಾರಾಯ, ನಾವೂ ನೋಡುವ," ಎಂದ.

ನಾಲ್ಕು ಡಬ್ಬಿ ಇಟ್ಟ. ಮೂರು ಎರಡನೇ ಬಲ್ಬಿಗೆ ಕುಸಿದವು. ಒಂದು ಮಾತ್ರ 11.9ರಲ್ಲಿ ನಿಂತಿತು, ಹತ್ತು ನಿಮಿಷ ಬಿಟ್ಟರೂ ಅಲ್ಲೇ. ಝುಲೇಖ ಮೊದಲ ದಿನ ಕೇಳಿದ 350. ನಾಲ್ಕರಲ್ಲಿ ಅದೇ ಹಗುರ.

ವಿಶ್ವನಾಥನ ಸ್ವರ ತಗ್ಗಿತು. "ನನಗೂ ಗೊತ್ತಿರಲಿಲ್ಲ ಅಕ್ಕ. ಮೇಲಿನವರು ಕಳಿಸಿದ್ದು."

"ಗೊತ್ತಿಲ್ಲದೆ ಮಾರಿದ್ದು ನಿನ್ನ ತಪ್ಪು. ಗೊತ್ತುಂಟು ಅಂತ ಹೇಳಿ ಕೊಂಡದ್ದು ನನ್ನ ತಪ್ಪು. ಈಗ ಇಬ್ಬರಿಗೂ ಗೊತ್ತಾಯಿತಲ್ಲ, ಬದಲಿಸು."

ಬದಲಿಸಿದ. ಹೆಚ್ಚಿನ ದುಡ್ಡು ನಾನೇ ಕೊಟ್ಟೆ. ಧರ್ಮಕ್ಕೆ ಕೇಳಲು ಹೋದವಳಲ್ಲ.

ಅಕ್ಟೋಬರ್ ಮೂವತ್ತೊಂದು ಭಾನುವಾರ. ಹಾಸ್ಟೆಲಿನವರು ಬೆಳಿಗ್ಗೆ ಒಂಬತ್ತಕ್ಕೇ ಬಂದು ಸಾಲು ಹಿಡಿದಿದ್ದರು. ನಕ್ಕು ಹೋಗಿದ್ದ ಮೂವರೂ ಇದ್ದರು, ಸಾಲಿನ ಕೊನೆಗೆ ನಿಲ್ಲಿಸಿದೆ. ಹನ್ನೊಂದಕ್ಕೆ ಹೆಗ್ಡೆರು ಬಂದರು. ಎದುರಿನಿಂದ ಹತ್ತು ಕಾರ್ ಬಂದವು, ಇಪ್ಪತ್ತು ಬಂದವು, ಪರದೆ ಅಲ್ಲಾಡಲಿಲ್ಲ. ಅವರು ಒಂದು ಗಂಟೆ ನಿಂತು ನೋಡಿದರು.

"ಮಕ್ಕಳು ಹಾಳಾಗ್ತಾರೆ ಲೀಲಾ."

"ಕ್ರೀಮ್ ಬನ್ ತಿಂದೂ ಹಾಳಾಗ್ತಾರೆ. ಜನ ಕಂಡರೆ ಇರು ಎಂದಿರಿ. ಎಣಿಸಿ ನೋಡಿ."

ಅವರು ನಿಜವಾಗಿಯೂ ಎಣಿಸಿದರು. ಹದಿನೇಳು ಮಂದಿ. "ಬಾಡಿಗೆ ಇನ್ನೂರು ಹೆಚ್ಚಾಗ್ತದೆ," ಎಂದರು. ನೂರು ಎಂದೆ. ನೂರೈವತ್ತಕ್ಕೆ ಒಪ್ಪಿದೆವು. ಬೇಕರಿ ಬಸ್‌ಸ್ಟ್ಯಾಂಡಿನ ಹತ್ತಿರ ಆಯಿತು, ಚೆನ್ನಾಗಿಯೇ ನಡೆಯಿತು.

ಇಪ್ಪತ್ತಮೂರು ವರ್ಷದ ಕೆಲಸ ನನಗೆ ತೂಕ ನೋಡಲು ಕಲಿಸಿತ್ತು. ಆ ತಿಂಗಳು ಕಲಿಸಿದ್ದು ಬೇರೆ. ಬರೆದದ್ದನ್ನು ನಂಬಬಾರದು, ಸರಿ. ತನ್ನ ಕೈಯನ್ನೂ ನಂಬಬಾರದು. ಸಾಮಾನಾಗಲಿ ಮನುಷ್ಯರಾಗಲಿ, ಲೋಡ್ ಹಾಕಿ ನೋಡಬೇಕು. ಲೋಡಿಗೆ ನಿಂತದ್ದು ಯಾವುದು ಅಂತ ಒಮ್ಮೆ ಕಂಡ ಮೇಲೆ ಪುನಃ ಎತ್ತಿ ನೋಡುತ್ತಾ ಕೂರಬಾರದು.

2005ರ ಮಾರ್ಚಿನಲ್ಲಿ ಎರಡನೇ ಕಂಪ್ಯೂಟರಿನ ಸಾಮಾನಿಗೆ ಝುಲೇಖ ಒಬ್ಬಳೇ ಬಂಟ್ವಾಳಕ್ಕೆ ಹೋದಳು. ಮಧ್ಯಾಹ್ನ ವಿಶ್ವನಾಥನ ಫೋನ್.

"ಅಕ್ಕ, ನೀವು ಬರಲಿಲ್ಲ. ಯಾವುದು ಕೊಡಬೇಕು ಅಂತ ನೀವು ಒಂದು ಮಾತು ಹೇಳಿದರೆ..."

"ಅವಳು ಬಂದಿದ್ದಾಳಲ್ಲ," ಎಂದೆ. "ಅವಳ ಪಟ್ಟಿಯನ್ನು ಮಡಚಬೇಡ. ಓದಿ ಕೊಡು."